ಎಂಜಿನ್ ಬದಲಿಸಿದರೆ ದಂಡ, ಟರ್ಬೊ ಹೆಚ್ಚಿಸಿದರೆ?

ನೋಂದಣಿ ಬೀದರಿನ ಕೆಎ 38 ಇರಲಿ, ಭಾಲ್ಕಿಯ ಕೆಎ 39 ಇರಲಿ, ಕಾರಿನ ದಾಖಲೆಯಲ್ಲಿ ಎಂಜಿನ್ ನಂಬರಿನ ಜೊತೆಗೆ ಅದರ ಸಿಸಿಯೂ ನಮೂದಾಗಿರುತ್ತದೆ. ಸಿಸಿ ಎಂದರೆ ಸಿಲಿಂಡರುಗಳೊಳಗೆ ಪಿಸ್ಟನ್ ಓಡಾಡುವ ಜಾಗದ ಒಟ್ಟು ಅಳತೆ. ಎಂಜಿನ್ ತನಗೆ ಬೇಕಾದ ಗಾಳಿಯನ್ನು ತಾನೇ ಎಳೆದುಕೊಳ್ಳುತ್ತಿದ್ದ ಕಾಲದಲ್ಲಿ ಈ ಜಾಗ ನೋಡಿ ಶಕ್ತಿ ಅಂದಾಜು ಮಾಡುವುದು ಸರಿಯಿತ್ತು. ಟರ್ಬೊ ಬಂದ ಮೇಲೆ ಹಾಗಿಲ್ಲ. ಸೈಲೆನ್ಸರಿಗೆ ಹೋಗುವ ಹೊಗೆಯ ರಭಸಕ್ಕೆ ತಿರುಗುವ ಪುಟ್ಟ ಚಕ್ರವೊಂದು ಹೊರಗಿನ ಗಾಳಿಯನ್ನು ಒತ್ತಿ ಒಳಗೆ ತುಂಬುತ್ತದೆ. ಗಾಳಿ ಹೆಚ್ಚಾದಷ್ಟೂ ಹೆಚ್ಚು ಇಂಧನ ಉರಿಸಬಹುದು. ಜಾಗ ಮಾತ್ರ ಅಷ್ಟೇ ಇರುತ್ತದೆ. ಕಾರಂಜಾ ಕಾಲುವೆಯ ನೀರು ಹರಿಯುವ ಒಂದೆಕರೆಗೂ ಔರಾದಿನ ಮಳೆ ನಂಬಿದ ಒಂದೆಕರೆಗೂ ಒಂದೇ ಇಳುವರಿ ಬರೆದುಕೊಂಡ ಹಾಗೆ ನಮ್ಮ ತೆರಿಗೆ, ವಿಮೆ, ಕಾನೂನು ಮೂರೂ ಇವತ್ತಿಗೂ ಸಿಸಿಯನ್ನೇ ನೆಚ್ಚಿಕೊಂಡಿವೆ. ಮಾರ್ಪಡಿಸಿದ ಟರ್ಬೊ ಕಾರುಗಳ ವಿಷಯದಲ್ಲಿ ಈ ಅಳತೆ ಅಪಾಯವನ್ನು ಹಿಡಿಯುತ್ತಿಲ್ಲ, ಮರೆಮಾಡುತ್ತಿದೆ.

ಪುರಾವೆಗೆ ಹಳ್ಳಿಹಳ್ಳಿಯ ಜನರಿಗೂ ಗೊತ್ತಿರುವ ಬೊಲೆರೊ ಸಾಕು. ಹಳೆಯ ಬೊಲೆರೊದ್ದು 2523 ಸಿಸಿ ಡೀಸೆಲ್ ಎಂಜಿನ್, ಶಕ್ತಿ ಸುಮಾರು 63 ಅಶ್ವಶಕ್ತಿ. 2016ರಲ್ಲಿ ಬಂದ ಬೊಲೆರೊ ಪವರ್ ಪ್ಲಸ್‌ನಲ್ಲಿ ಎಂಜಿನ್ 1493 ಸಿಸಿಗೆ ಇಳಿಯಿತು, ಶಕ್ತಿ ಸುಮಾರು 70ಕ್ಕೆ ಏರಿತು. ಸಾವಿರ ಸಿಸಿ ಕಡಿಮೆಯಾಗಿಯೂ ಬಲ ಹೆಚ್ಚಾಗಿದೆ. ಹೀಗೆ ಇಳಿಸಿದ್ದಕ್ಕೆ ಕಾರಣ ತೆರಿಗೆ. ನಾಲ್ಕು ಮೀಟರಿಗಿಂತ ಉದ್ದವಿಲ್ಲದ, ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ಮೀರದ ಕಾರನ್ನು ಸಣ್ಣ ಕಾರೆಂದು ಕರೆದು ಸುಂಕ ಇಳಿಸುವ ಪದ್ಧತಿ 2006ರ ಕೇಂದ್ರ ಬಜೆಟ್‌ನಿಂದ ನಡೆದುಬಂದಿದೆ. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ದರ ಬದಲಾದಾಗಲೂ ಅದೇ ಗೆರೆ ಉಳಿಯಿತು: ಒಳಗಿದ್ದರೆ ಶೇ 18, ದಾಟಿದರೆ ಶೇ 40. ದೆಹಲಿಯ ಕಥೆ ಇನ್ನೂ ಸ್ಪಷ್ಟ. 2015ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅಲ್ಲಿ 2000 ಸಿಸಿ ಮತ್ತು ಅದಕ್ಕಿಂತ ದೊಡ್ಡ ಡೀಸೆಲ್ ಕಾರುಗಳ ನೋಂದಣಿ ತಡೆದಾಗ, ಮಹೀಂದ್ರ ಕಂಪನಿ ಕೆಲವೇ ವಾರಗಳಲ್ಲಿ ಸ್ಕಾರ್ಪಿಯೊ ಮತ್ತು ಎಕ್ಸ್‌ಯುವಿ 500ಕ್ಕೆ 1.99 ಲೀಟರ್ ಎಂಜಿನ್ ಕೂರಿಸಿತು. ಅಂಕಿ ಗೆರೆಯ ಕೆಳಗೆ ಇಳಿಯಿತು, ಶಕ್ತಿ ಇಳಿಯಲಿಲ್ಲ. 2016ರ ಆಗಸ್ಟ್‌ನಲ್ಲಿ ಕೋರ್ಟೇ ಆ ತಡೆಯನ್ನು ತೆರವು ಮಾಡಿ ಶೇ 1ರ ಹಸಿರು ಸೆಸ್ ಹಾಕಿತು.

ವಿಮೆಯಲ್ಲಿ ಇದು ನೇರ ಅನ್ಯಾಯವಾಗಿದೆ. 2022ರ ಜೂನ್ 1ರಿಂದ ಜಾರಿಗೆ ಬಂದ ಥರ್ಡ್ ಪಾರ್ಟಿ ದರದಲ್ಲಿ 1000 ಸಿಸಿ ಮೀರದ ಖಾಸಗಿ ಕಾರಿಗೆ ವರ್ಷಕ್ಕೆ 2094 ರೂಪಾಯಿ, 1000ದಿಂದ 1500 ಸಿಸಿವರೆಗೆ 3416, ಅದರಾಚೆ 7897. ಹಾಗಾಗಿ 998 ಸಿಸಿಯ, 120 ಪಿಎಸ್ (ಮೆಟ್ರಿಕ್ ಅಶ್ವಶಕ್ತಿ) ಶಕ್ತಿಯ ಟರ್ಬೊ ವೆನ್ಯೂ ಮೊದಲ ಸಾಲಿನಲ್ಲಿ ಕೂರುತ್ತದೆ. 1197 ಸಿಸಿಯ, ಟರ್ಬೊ ಇಲ್ಲದ, 90 ಪಿಎಸ್ ಆಸುಪಾಸಿನ ಬಲೆನೊ ಎರಡನೆಯ ಸಾಲಿನಲ್ಲಿ ಹೆಚ್ಚು ಕಟ್ಟುತ್ತದೆ. ಎದುರಿಗೆ ಬರುವವರ ಜೀವಕ್ಕೆ ಭರವಸೆ ಕೊಡುವ ವಿಮೆ ಇದು. ಜೋರಾಗಿ ಓಡಬಲ್ಲ ಕಾರಿಗೆ ಇಲ್ಲಿ ಕಡಿಮೆ ಬೆಲೆ.

ಈಗ ಮಾರ್ಪಾಡಿನ ಮಾತು. ಎಂಜಿನ್ ಬದಲಿಸುವುದು ನಮ್ಮಲ್ಲಿ ಹೊಸ ಶೋಕಿಯಲ್ಲ. ಪೆಟ್ರೋಲ್ ಅಂಬಾಸಡರಿಗೆ ಡೀಸೆಲ್ ಎಂಜಿನ್ ಕೂರಿಸಿ ಬಾಡಿಗೆಗೆ ಬಿಟ್ಟದ್ದು ದೇಶದ ಎಷ್ಟೋ ಊರುಗಳಲ್ಲಿ ನಡೆದಿತ್ತು. ಆಗಿನ ಕಾರಣ ಇಂಧನದ ಖರ್ಚು, ಈಗಿನದು ವೇಗ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೂ ಆರ್‌ಸಿಗೂ ಹೊಂದದಂತೆ ಮಾಲೀಕರು ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಡಾಖಂಡಿತವಾಗಿ ಎತ್ತಿಹಿಡಿದಿದೆ. ಹೀಗಾಗಿ ಸಣ್ಣ ಕಾರಿಗೆ ದೊಡ್ಡ ಎಂಜಿನ್ ಕೂರಿಸಿದವರು ನಂಬರ್ ತಾಳೆ ನೋಡಿದ ಕೂಡಲೇ ಸಿಕ್ಕಿಬೀಳುತ್ತಾರೆ. ಆದರೆ ಅದೇ ಎಂಜಿನ್ ಇಟ್ಟುಕೊಂಡು, ಲ್ಯಾಪ್‌ಟಾಪ್ ಜೋಡಿಸಿ, ಎಂಜಿನ್ ನಿಯಂತ್ರಿಸುವ ಕಂಪ್ಯೂಟರಾದ ಇಸಿಯುವಿನಲ್ಲಿ ಟರ್ಬೊ ಒತ್ತಡ, ಡೀಸೆಲ್ ಪ್ರಮಾಣ ಎರಡನ್ನೂ ಹೆಚ್ಚಿಸಿದರೆ? ಎಂಜಿನ್ ನಂಬರ್ ಅದೇ, ಸಿಸಿ ಅದೇ, ಬಾನೆಟ್ ಎತ್ತಿ ನೋಡಿದರೂ ಎಲ್ಲ ಅದೇ. ಬ್ರೇಕು, ಟೈರು, ಕ್ಲಚ್ಚು ಮಾತ್ರ ಹಳೆಯ ಶಕ್ತಿಗೆ ಮಾಡಿದಂಥವು. ಕಂಪನಿಯೇ ಒಂದೇ ಎಂಜಿನ್‌ನಿಂದ ಎರಡು ಶಕ್ತಿ ತೆಗೆಯುತ್ತದಲ್ಲ ಎಂದು ಟ್ಯೂನ್ ಮಾಡುವವರು ಕೇಳುತ್ತಾರೆ. ಅದು ನಿಜ. ಮಾರುತಿಯ 1248 ಸಿಸಿ ಡೀಸೆಲ್ ಸ್ವಿಫ್ಟ್‌ನಲ್ಲಿ 75 ಪಿಎಸ್, ಬ್ರೆಝಾದಲ್ಲಿ 90 ಕೊಟ್ಟಿತು. ಆದರೆ 90ಕ್ಕೆ ಏರಿಸುವಾಗ ಕಂಪನಿ ಟರ್ಬೊವನ್ನೇ ಬೇರೆ ಹಾಕಿತು, ಆ ಶಕ್ತಿಗೆ ತಕ್ಕಂತೆ ಪರೀಕ್ಷಿಸಿ ಪ್ರಮಾಣಪತ್ರ ಪಡೆಯಿತು. ಅಂಗಡಿಯಲ್ಲಿ ಇಸಿಯು ತಿದ್ದುವ ರೀಮ್ಯಾಪ್‌ಗೆ ಈ ಯಾವ ಜವಾಬ್ದಾರಿಯೂ ಇಲ್ಲ.

ಮೋಟಾರ್ ರೇಸಿಂಗ್ ಈ ಪಾಠವನ್ನು ಬೆಲೆ ತೆತ್ತು ಕಲಿತಿದೆ. 1966ರಲ್ಲಿ ಫಾರ್ಮುಲಾ ಒನ್ ನಿಯಮ ಟರ್ಬೊ ಇಲ್ಲದ ಎಂಜಿನ್‌ಗೆ 3000 ಸಿಸಿ, ಗಾಳಿ ಒತ್ತುವ ಎಂಜಿನ್‌ಗೆ 1500 ಸಿಸಿ ಎಂದು ಮಿತಿ ಹಾಕಿತು. ಅರ್ಧ ಗಾತ್ರ ಸಾಕಷ್ಟು ಕಡಿವಾಣವೆಂದು ಆಗ ತೋರಿತ್ತು. 1977ರಲ್ಲಿ ರೆನೊ ಟರ್ಬೊ ಕಾರು ಇಳಿಸಿತು. ಹತ್ತು ವರ್ಷ ತುಂಬುವುದರೊಳಗೆ 1500 ಸಿಸಿಯ ಎಂಜಿನ್‌ಗಳು ಅರ್ಹತಾ ಸುತ್ತಿನಲ್ಲಿ ಸಾವಿರ ಅಶ್ವಶಕ್ತಿ ದಾಟಿದವು, 1989ಕ್ಕೆ ಟರ್ಬೊವನ್ನೇ ನಿಷೇಧಿಸಬೇಕಾಯಿತು. ರ‍್ಯಾಲಿಯಲ್ಲಿ ಟರ್ಬೊ ಕಾರಿನ ಸಿಸಿಯನ್ನು 1.4ರಿಂದ ಗುಣಿಸಿ ವರ್ಗ ನಿರ್ಧರಿಸುತ್ತಿದ್ದರು. ಲಾನ್ಸಿಯಾ ಕಂಪನಿ ಡೆಲ್ಟಾ ಎಸ್ 4 ಕಾರಿಗೆ 1759 ಸಿಸಿ ಎಂಜಿನ್ ಮಾಡಿತು. ಗುಣಿಸಿದರೆ 2500ರ ಗೆರೆಯ ಕೆಳಗೇ ನಿಲ್ಲುತ್ತದೆ. 1986ರ ಮೇ ತಿಂಗಳಲ್ಲಿ ಅದೇ ಕಾರಿನಲ್ಲಿ ಹೆನ್ರಿ ಟೊಯ್ವೊನೆನ್ ಮತ್ತು ಅವರ ಸಹಚಾಲಕ ಕಾರ್ಸಿಕಾದಲ್ಲಿ ಸತ್ತರು, ಆ ವರ್ಷಾಂತ್ಯಕ್ಕೆ ಅದು ಸೇರಿದ್ದ ಗ್ರೂಪ್ ಬಿ ವರ್ಗದ ಕಾರುಗಳ ಕಾಲ ಮುಗಿಯಿತು. ಗುಣಕ ಆಮೇಲೆ 1.7ಕ್ಕೆ ಏರಿತು. ಅದರ ಜೊತೆಗೆ ಟರ್ಬೊಗೆ ಹೋಗುವ ಗಾಳಿಯ ಬಾಯನ್ನೇ ಕಿರಿದುಮಾಡುವ ರಿಸ್ಟ್ರಿಕ್ಟರ್ ಬಂತು. 1995ರಲ್ಲಿ ವಿಶ್ವ ರ‍್ಯಾಲಿಯ ಮೇಲ್ದರ್ಜೆಯ ಕಾರುಗಳಿಗೆ ಅದು 34 ಮಿಲಿಮೀಟರ್. ಅದನ್ನು ಗುಟ್ಟಾಗಿ ತಪ್ಪಿಸಿದ್ದಕ್ಕೆ ಟೊಯೊಟಾ ತಂಡ ಅದೇ ವರ್ಷ ಒಂದು ವರ್ಷದ ನಿಷೇಧಕ್ಕೆ ಒಳಗಾಯಿತು. ಕಟ್ಟಬೇಕಾದದ್ದು ಗಾಳಿಯನ್ನು, ಸಿಲಿಂಡರಿನ ಗಾತ್ರವನ್ನಲ್ಲ ಎಂಬುದು ಅಲ್ಲಿ ಸಾಬೀತಾಯಿತು.

ಭಾಲ್ಕಿಯ ಸಾರಿಗೆ ಕಚೇರಿಯಲ್ಲಿ ಅಶ್ವಶಕ್ತಿ ಅಳೆಯುವ ಯಂತ್ರ ಎಲ್ಲಿಂದ ತರುವುದು, ಸಿಸಿಯಾದರೆ ಕಾಗದದಲ್ಲೇ ಸಿಗುತ್ತದೆ ಎಂಬ ಆಕ್ಷೇಪಕ್ಕೆ ತೂಕವಿದೆ. ಆದರೆ ಪ್ರತಿ ಊರಿನಲ್ಲೂ ಯಂತ್ರ ಬೇಕಿಲ್ಲ. ಸಿಎನ್‌ಜಿ ಕಿಟ್ಟಿಗೆ ಕಾನೂನು ಆಗಲೇ ಒಂದು ದಾರಿ ಮಾಡಿದೆ: ಕಿಟ್ಟನ್ನು ಪುಣೆಯ ಎಆರ್‌ಎಐನಂಥ ಸಂಸ್ಥೆ ಪರೀಕ್ಷಿಸಿ ಒಪ್ಪುತ್ತದೆ, ಸ್ಥಳೀಯ ಕಚೇರಿ ಅದನ್ನು ಆರ್‌ಸಿಯಲ್ಲಿ ಬರೆಯುತ್ತದೆ. ಟರ್ಬೊ ಟ್ಯೂನಿಗೂ ಇದೇ ಕ್ರಮ ಬರಲಿ. ಬ್ರೇಕು, ಹೊಗೆ ಎರಡರ ಪರೀಕ್ಷೆಯೂ ಸೇರಲಿ. ನೋಂದಣಿ ಅರ್ಜಿಯ ನಮೂನೆ 20ರಲ್ಲಿ ಅಶ್ವಶಕ್ತಿಗೂ ಒಂದು ಸಾಲು ಇದೆ, ಅದಕ್ಕೆ ಬೆಲೆ ಬರಲಿ. ಎಲ್ಲವನ್ನೂ ನಿಷೇಧಿಸಿಬಿಟ್ಟರೆ ಸುಲಭವಲ್ಲವೇ ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಕಣ್ಣಿಗೆ ಕಾಣದ್ದನ್ನು ನಿಷೇಧಿಸಿದರೆ ಅದು ಇನ್ನಷ್ಟು ಗುಟ್ಟಾಗುತ್ತದೆ, ಪ್ರಾಮಾಣಿಕವಾಗಿ ಬರೆಸಿಕೊಳ್ಳಲು ಬಂದವರಷ್ಟೇ ಸಿಕ್ಕಿಬೀಳುತ್ತಾರೆ.

ಈ ಮಾತು ಬೀದರ್ ಜಿಲ್ಲೆಗೆ ಹೆಚ್ಚು ಅನ್ವಯಿಸುತ್ತದೆ. ಔರಾದಿನ ಒಂದು ಮಗ್ಗುಲಿಗೆ ಮಹಾರಾಷ್ಟ್ರ, ಇನ್ನೊಂದು ಮಗ್ಗುಲಿಗೆ ತೆಲಂಗಾಣ. ಹೊರರಾಜ್ಯದ ಕಾರು ಇಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇದ್ದರೆ ಇಲ್ಲಿಯೇ ಮರುನೋಂದಣಿ ಆಗಬೇಕು. ಸೆಕೆಂಡ್‌ಹ್ಯಾಂಡ್ ಟರ್ಬೊ ಕಾರು ಕೊಳ್ಳುವವರು ಆ ಕೆಲಸಕ್ಕೆ ಮೊದಲೇ ಎಂಜಿನ್ ನಂಬರ್ ತಾಳೆ ನೋಡಲಿ, ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಇಸಿಯು ತಪಾಸಣೆ ಮಾಡಿಸಲಿ. ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ ಎನ್ನುವ ಮೋಟಾರು ವಾಹನ ಕಾಯ್ದೆಯ 182ಎ ಕಲಮು ಹೊಣೆ ಹೊರಿಸುವುದು ವಾಹನದ ಮಾಲೀಕರ ಮೇಲೆ.