ಪಾರ್ಟಿಯ ಗೋಡೆಯ ಮೇಲೆ ಹಳೆಯ ರೀಲು

ಮನೆಯಲ್ಲಿ ಕುಳಿತು ಸಿನಿಮಾ ನೋಡಲೆಂದೇ ತಯಾರಾದ ಪುಟ್ಟ ಪ್ರೊಜೆಕ್ಟರುಗಳು 1920ರ ದಶಕದಲ್ಲಿ ಹೆಚ್ಚಾಗಿ ಬಳಕೆಗೆ ಬಂದವು. ಫ್ರಾನ್ಸಿನ ಪಾಥೆ ಕಂಪನಿ 1922ರಲ್ಲಿ 9.5 ಮಿ.ಮೀ. ಅಗಲದ ಫಿಲ್ಮನ್ನೂ ಅಮೆರಿಕದ ಕೊಡಾಕ್ 1923ರಲ್ಲಿ 16 ಮಿ.ಮೀ. ಫಿಲ್ಮನ್ನೂ ಹೊರತಂದವು. ಹದಿನಾರರ ಖರ್ಚು ಸಾಮಾನ್ಯ ಸಂಸಾರಗಳಿಗೆ ಭಾರವೆನಿಸಿದಾಗ ಕೊಡಾಕ್ 1932ರಲ್ಲಿ 8 ಮಿ.ಮೀ. ಫಿಲ್ಮನ್ನು ತಂದಿತು. 1965ರಲ್ಲಿ ಬಂದ ಸೂಪರ್ 8ರ ಅಗಲವೂ ಎಂಟೇ. ಆದರೆ ಅಂಚಿನ ತೂತುಗಳನ್ನು ಕಿರಿದಾಗಿಸಿ ಚಿತ್ರಕ್ಕೆ ಸುಮಾರು ಒಂದೂವರೆ ಪಟ್ಟು ಜಾಗ ಮಾಡಿಕೊಡಲಾಗಿತ್ತು. 1980ರ ದಶಕದಲ್ಲಿ ವಿಡಿಯೊ ಕ್ಯಾಸೆಟ್ ಇವೆಲ್ಲವನ್ನೂ ಅಟ್ಟಕ್ಕೆ ಏರಿಸಿತು. ಈಗ ಅವು ಕೆಳಗಿಳಿದು ಬರುತ್ತಿರುವುದು ಬೇರೊಂದು ಕೆಲಸಕ್ಕೆ. ಸಂಗೀತದ ರಾತ್ರಿಗಳಲ್ಲಿ, ಮದುವೆಯ ಆರತಕ್ಷತೆಗಳಲ್ಲಿ, ಗೆಳೆಯರ ಕೂಟಗಳಲ್ಲಿ ಗೋಡೆಯ ಮೇಲೆ ಬೆಳಕು ಕುಣಿಸುವುದಕ್ಕೆ. ಇಲ್ಲಿ ಕಥೆ ಯಾರಿಗೂ ಬೇಕಿಲ್ಲ, ಚಲನೆ ಇದ್ದರೆ ಸಾಕು.

ಈ ಬಳಕೆ ಹೊಸದೇನೂ ಅಲ್ಲ. 1966ರ ಏಪ್ರಿಲ್‌ನಲ್ಲಿ ಆ್ಯಂಡಿ ವಾರ್ಹಾಲ್ ನ್ಯೂಯಾರ್ಕಿನ ಸೇಂಟ್ ಮಾರ್ಕ್ಸ್ ಪ್ಲೇಸ್‌ನ ಸಭಾಂಗಣವೊಂದನ್ನು ಬಾಡಿಗೆಗೆ ಹಿಡಿದು, ವೆಲ್ವೆಟ್ ಅಂಡರ್‌ಗ್ರೌಂಡ್ ತಂಡ ನುಡಿಸುತ್ತಿರುವಾಗ ತನ್ನ ಚಿತ್ರಗಳನ್ನು ಆ ಕಲಾವಿದರ ಮೈಮೇಲೆಯೇ ಬೀಳಿಸುತ್ತಿದ್ದ. ಅದೇ ವರ್ಷದ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದ ಟ್ರಿಪ್ಸ್ ಫೆಸ್ಟಿವಲ್‌ನಲ್ಲೂ ಫಿಲ್ಮು, ಸ್ಲೈಡು, ಮಿನುಗುದೀಪ, ಸಂಗೀತ ಎಲ್ಲವೂ ಒಟ್ಟಿಗೆ ಸೇರಿದ್ದವು. ಲಂಡನ್ನಿನ ಯುಎಫ್‌ಒ ಕ್ಲಬ್ಬಿನಲ್ಲಿ ಮಾರ್ಕ್ ಬಾಯ್ಲ್ ಮತ್ತು ಜೋನ್ ಹಿಲ್ಸ್ ಬಣ್ಣದ ದ್ರವಗಳನ್ನು ಪ್ರೊಜೆಕ್ಟರಿನ ಬೆಳಕಿನಲ್ಲಿ ಹರಿಸಿದರು. 1968ರಲ್ಲಿ ನ್ಯೂಯಾರ್ಕಿನ ಫಿಲ್ಮೋರ್ ಈಸ್ಟ್ ರಂಗಮಂದಿರ ತೆರೆದಾಗ ಜೋಶುವಾ ಲೈಟ್ ಶೋ ತಂಡ ವಾದ್ಯಗಾರರ ಹಿಂದಿನ ಪರದೆಯನ್ನು ಇಂಥ ಬೆಳಕಿನಿಂದ ತುಂಬಿಸತೊಡಗಿತು. ಕೆನಡಾದ ಗಾಡ್‌ಸ್ಪೀಡ್ ಯು! ಬ್ಲ್ಯಾಕ್ ಎಂಪರರ್ ತಂಡದ ಕಛೇರಿಗಳಲ್ಲಿ 16 ಮಿ.ಮೀ. ಪ್ರೊಜೆಕ್ಟರುಗಳನ್ನು ನಡೆಸುವ ಕಾರ್ಲ್ ಲೆಮ್ಯೂ ಇದೇ ಪರಂಪರೆಯವರು.

ಯಂತ್ರದೊಳಗೆ ನಡೆಯುವುದು ಬಲು ಸರಳ. ಬಲ್ಬಿನ ಮುಂದೆ ಗೇಟು ಎನ್ನುವ ಕಿರಿದಾದ ಕಿಂಡಿ ಇರುತ್ತದೆ. ಕೊಕ್ಕೆಯೊಂದು ಫಿಲ್ಮಿನ ತೂತಿಗೆ ಸಿಕ್ಕಿಕೊಂಡು ಒಂದು ಚಿತ್ರದಷ್ಟು ಕೆಳಗೆಳೆದು ಬಿಡುತ್ತದೆ. ಚಿತ್ರ ಕ್ಷಣಕಾಲ ನಿಲ್ಲುತ್ತದೆ, ಮತ್ತೆ ಕೊಕ್ಕೆ ಎಳೆಯುತ್ತದೆ. 1895ರ ಲುಮಿಯೇರ್ ಸೋದರರಿಗೆ ಈ ಯುಕ್ತಿ ಹೊಳೆದದ್ದು ಹೊಲಿಗೆ ಯಂತ್ರದ ಚಲನೆಯಿಂದ ಎಂಬ ಮಾತು ಪ್ರಸಿದ್ಧ. ಎಳೆಯುವ ಹೊತ್ತಿನಲ್ಲಿ ಬೆಳಕನ್ನು ಮರೆಮಾಡಲು ಶಟರಿನ ತಟ್ಟೆ ತಿರುಗುತ್ತಿರುತ್ತದೆ. ಸೂಪರ್ 8 ಮೂಕಿಚಿತ್ರ ಓಡುವುದು ಸೆಕೆಂಡಿಗೆ 18 ಚಿತ್ರಗಳಂತೆ. ಅಷ್ಟೇ ಸಲ ಬೆಳಕು ಮಿಣುಕಿದರೆ ಕಣ್ಣಿಗೆ ಹಿಂಸೆ. ಹಾಗಾಗಿ ಶಟರಿಗೆ ಮೂರು ರೆಕ್ಕೆಗಳನ್ನಿಟ್ಟು ಮಿಣುಕನ್ನು 54ಕ್ಕೆ ಏರಿಸುತ್ತಾರೆ. ಗೇಟಿನ ಮೇಲೆ ಮತ್ತು ಕೆಳಗೆ ಫಿಲ್ಮು ಸಡಿಲವಾಗಿ ಬಾಗಿರಬೇಕು. ಆ ಬಾಗು ಕಳೆದುಹೋದರೆ ಚಿತ್ರ ಗೋಡೆಯ ಮೇಲೆ ಎಗರಾಡುತ್ತದೆ, ತೂತುಗಳು ಹರಿಯುತ್ತವೆ. ಪಾರ್ಟಿಯಲ್ಲಿ ಎದುರಾಗುವ ತೊಂದರೆಗಳಲ್ಲಿ ಹೆಚ್ಚಿನವು ಇಲ್ಲೇ ಹುಟ್ಟುತ್ತವೆ.

ಯಾವ ಯಂತ್ರ ಒಳ್ಳೆಯದು ಎಂಬುದನ್ನು ಕೋಣೆಯ ಅಳತೆ ಹೇಳುತ್ತದೆ. ಸಾಮಾನ್ಯ 8 ಮಿ.ಮೀ. ಮತ್ತು ಸೂಪರ್ 8ರ ತೂತುಗಳು ಬೇರೆಬೇರೆ. ಎರಡನ್ನೂ ಓಡಿಸಬಲ್ಲ ಯಂತ್ರವಾದರೆ ಮಾತ್ರ ಅದಲುಬದಲು ನಡೆದೀತು. ಎಂಟರ ಯಂತ್ರಗಳಲ್ಲಿ ಸಾಮಾನ್ಯವಾಗಿ 100 ಅಥವಾ 150 ವ್ಯಾಟಿನ ಹ್ಯಾಲೊಜನ್ ಬಲ್ಬು ಇರುತ್ತದೆ. ಮನೆಯ ಹಾಲಿಗೆ, ದೀಪಗಳನ್ನು ಆರಿಸಿದರೆ, ಅದು ಧಾರಾಳವಾಯಿತು. ನೂರಾರು ಜನ ಸೇರುವ ಸಭಾಂಗಣಕ್ಕೆ 24 ವೋಲ್ಟ್, 250 ವ್ಯಾಟಿನ ಬಲ್ಬುಳ್ಳ 16 ಮಿ.ಮೀ. ಯಂತ್ರವೇ ಬೇಕು. ಚಿತ್ರದ ಅಗಲ ಎರಡು ಪಟ್ಟಾದರೆ ಅದೇ ಬೆಳಕು ನಾಲ್ಕು ಪಟ್ಟು ಜಾಗದಲ್ಲಿ ಹರಡಿ ಮಂಕಾಗುತ್ತದೆ. ಆದ್ದರಿಂದ ದೊಡ್ಡ ಗೋಡೆಯನ್ನೆಲ್ಲ ತುಂಬಿಸುವ ಆಸೆಗಿಂತ ಒಂದು ಮೂಲೆಯಲ್ಲಿ ಗಾಢವಾಗಿ ಮೂಡುವ ಸಣ್ಣ ಚಿತ್ರವೇ ಮೇಲು.

ಯಂತ್ರವನ್ನು ಎಷ್ಟು ದೂರದಲ್ಲಿಡಬೇಕು ಎಂಬುದಕ್ಕೆ ಲೆಕ್ಕವಿದೆ. ಲೆನ್ಸಿನ ಸಂಗಮದೂರವನ್ನು ಬೇಕಾದ ಚಿತ್ರದ ಅಗಲದಿಂದ ಗುಣಿಸಿ, ಫಿಲ್ಮಿನ ಮೇಲಿನ ಚಿತ್ರದ ಅಗಲದಿಂದ ಭಾಗಿಸಬೇಕು. ಸೂಪರ್ 8 ಚಿತ್ರದ ಅಗಲ ಸುಮಾರು 5.4 ಮಿ.ಮೀ. 20 ಮಿ.ಮೀ. ಲೆನ್ಸಿನಲ್ಲಿ ಒಂದೂವರೆ ಮೀಟರ್ ಅಗಲದ ಚಿತ್ರ ಬೇಕಿದ್ದರೆ ಐದೂವರೆ ಮೀಟರ್ ಹಿಂದೆ ಸರಿಯಬೇಕು. 16 ಮಿ.ಮೀ. ಯಂತ್ರಕ್ಕೆ 50 ಮಿ.ಮೀ. ಲೆನ್ಸಿದ್ದರೆ ಎರಡು ಮೀಟರ್ ಅಗಲಕ್ಕೆ ಹತ್ತು ಮೀಟರಿಗೂ ಮಿಗಿಲಾದ ಅಂತರ ಬೇಕು. ಸಣ್ಣ ಮನೆಗಳಲ್ಲಿ ಹದಿನಾರು ಸೋಲುವುದು ಇಲ್ಲೇ.

ಅಟ್ಟದಿಂದಿಳಿಸಿದ ಯಂತ್ರವನ್ನು ತಕ್ಷಣ ಸಾಕೆಟ್ಟಿಗೆ ಚುಚ್ಚಬಾರದು. ಅಮೆರಿಕದಿಂದ ಬಂದವು 110-120 ವೋಲ್ಟಿನವು. ನಮ್ಮ 230 ವೋಲ್ಟಿಗೆ ನೇರ ಹಚ್ಚಿದರೆ ಬಲ್ಬೂ ಮೋಟಾರೂ ಒಟ್ಟಿಗೆ ಸುಡುತ್ತವೆ. ತಕ್ಕ ಸಾಮರ್ಥ್ಯದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ವೋಲ್ಟೇಜ್ ಇಳಿಸಿದರೂ ಕರೆಂಟಿನ ಆವರ್ತನ ಬದಲಾಗುವುದಿಲ್ಲ. 60 ಹರ್ಟ್ಸ್‌ಗೆಂದು ಮಾಡಿದ ಎಸಿ ಮೋಟಾರು ನಮ್ಮ 50 ಹರ್ಟ್ಸ್‌ನಲ್ಲಿ ಆರನೇ ಒಂದರಷ್ಟು ನಿಧಾನವಾಗಬಹುದು. ಸಿನಿಮಾ ನೋಡುವವರಿಗೆ ಅದು ದೋಷ, ಪಾರ್ಟಿಯ ಗೋಡೆಗೆ ಅಡ್ಡಿಯಿಲ್ಲ. ರಬ್ಬರ್ ಬೆಲ್ಟುಗಳು ದಶಕಗಳಲ್ಲಿ ಸಡಿಲವಾಗಿ ಇಲ್ಲವೇ ಕರಗಿ ಅಂಟಂಟಾಗಿರುತ್ತವೆ. ಅವನ್ನು ಪೂರ್ತಿ ಕೆರೆದು ತೆಗೆದು ಹೊಸದು ಹಾಕಬೇಕು. ಕೆಲವು 16 ಮಿ.ಮೀ. ಯಂತ್ರಗಳ ಪ್ಲಾಸ್ಟಿಕ್ ಗೇರು ವಯಸ್ಸಾದಂತೆ ಬಿರುಕು ಬಿಡುತ್ತದೆ. ಗೇಟಿನಲ್ಲಿ ಕೂತ ದೂಳನ್ನು ಮೆತ್ತನೆಯ ಬ್ರಶ್ಶಿನಿಂದ ತೆಗೆಯಬೇಕೇ ಹೊರತು ಲೋಹದ ತುದಿಯಿಂದ ಕೆರೆಯಬಾರದು. ಅಲ್ಲಿ ಗೀರು ಬಿದ್ದರೆ ಮುಂದೆ ಓಡುವ ಪ್ರತಿ ರೀಲಿನ ಮೇಲೂ ಗೀರು ಬೀಳುತ್ತದೆ. ಹ್ಯಾಲೊಜನ್ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಜಿಡ್ಡು ಅಂಟಿದ ಕಡೆ ಕಾವು ಹೆಚ್ಚಿ ಅದು ಬೇಗ ಹಾಳಾಗುತ್ತದೆ.

ಏನು ತೋರಿಸಬೇಕು ಎಂಬ ಪ್ರಶ್ನೆಗೆ ಮೊದಲ ಉತ್ತರ ಏನು ತೋರಿಸಬಾರದು ಎಂಬುದು. ಮನೆಯವರ ಒಂದೇ ಪ್ರತಿಯ ರೀಲನ್ನು ಪಾರ್ಟಿಗೆ ತರಲೇಬಾರದು. ಆ ಕಾಲದ ಬಹುಪಾಲು ಮನೆಚಿತ್ರಗಳಿಗೆ ನೆಗೆಟಿವ್ ಇರಲಿಲ್ಲ. ಕ್ಯಾಮೆರಾದಲ್ಲಿ ಓಡಿದ ಫಿಲ್ಮೇ ಪರದೆಯ ಮೇಲೂ ಓಡುತ್ತಿತ್ತು. 1930ರ ದಶಕದಲ್ಲಿ ಬಂದ ಕೊಡಾಕ್ರೋಮ್ ಫಿಲ್ಮಿನ ಬಣ್ಣ ಕತ್ತಲಲ್ಲಿ ದಶಕಗಟ್ಟಲೆ ಉಳಿಯುತ್ತದೆ, ಪ್ರೊಜೆಕ್ಟರಿನ ಬೆಳಕಿಗೆ ಮಾತ್ರ ಬೇಗ ಸೋಲುತ್ತದೆ. ಅಂಥದನ್ನು ಮೊದಲು ಡಿಜಿಟಲ್ ಪ್ರತಿ ಮಾಡಿಸಿ ಭದ್ರವಾಗಿಡುವುದು ಕ್ಷೇಮ. ರೀಲಿನ ಡಬ್ಬಿ ತೆರೆದಾಗ ವಿನೆಗರಿನ ಹುಳಿ ವಾಸನೆ ಬಂದರೆ ಫಿಲ್ಮಿನ ಅಸಿಟೇಟ್ ಪಟ್ಟಿ ಕೊಳೆಯುತ್ತಿದೆ ಎಂದರ್ಥ. ಅದು ಕುಗ್ಗಿ, ಮುರುಟಿ, ಗೇಟಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅದನ್ನು ಬೇರೆ ರೀಲುಗಳ ಜೊತೆ ಇಡುವುದೂ ತಪ್ಪು. ಒಂದು ಸಮಾಧಾನವೆಂದರೆ 8 ಮತ್ತು 16 ಮಿ.ಮೀ. ಫಿಲ್ಮುಗಳು ಮೊದಲಿನಿಂದಲೂ ಸೇಫ್ಟಿ ಫಿಲ್ಮೇ. ಹಳೆಯ 35 ಮಿ.ಮೀ. ನೈಟ್ರೇಟಿನ ಹಾಗೆ ಭುಗಿಲೆನ್ನುವುದಿಲ್ಲ.

ಪಾರ್ಟಿಗೆ ಹೊಂದುವುದು ಕಳೆದುಹೋದರೂ ನಷ್ಟವಾಗದ ಸರಕು. ಅಮೆರಿಕದ ಕ್ಯಾಸಲ್ ಫಿಲ್ಮ್ಸ್, ಬ್ಲ್ಯಾಕ್‌ಹಾಕ್ ಫಿಲ್ಮ್ಸ್‌ನಂಥ ಕಂಪನಿಗಳು ಹಾಸ್ಯಚಿತ್ರ, ಕಾರ್ಟೂನ್, ಸುದ್ದಿಚಿತ್ರಗಳ ಕಿರುರೀಲುಗಳನ್ನು ಮನೆಬಳಕೆಗೆ ಮಾರುತ್ತಿದ್ದವು. ಹಳೆ ಸಾಮಾನಿನ ಅಂಗಡಿಗಳಲ್ಲಿ ಅಂಥವು ಈಗಲೂ ಸಿಗುತ್ತವೆ. ನಮ್ಮಲ್ಲಿ ಮನೆಚಿತ್ರಗಳಿಗಿಂತ ಹದಿನಾರರ ಸಾರ್ವಜನಿಕ ಪ್ರದರ್ಶನವೇ ಹೆಚ್ಚು ಬಳಕೆಯಲ್ಲಿತ್ತು. ಸರ್ಕಾರದ ಕ್ಷೇತ್ರ ಪ್ರಚಾರದ ವ್ಯಾನುಗಳು ಹಳ್ಳಿಗಳಲ್ಲಿ ಬಿಳಿ ಬಟ್ಟೆ ಕಟ್ಟಿ ತೋರಿಸಿದ್ದೂ, ಬೆಂಗಳೂರಿನ ಸುಚಿತ್ರಾದಂಥ ಫಿಲ್ಮ್ ಸೊಸೈಟಿಗಳು ತರಿಸುತ್ತಿದ್ದುದೂ ಹೆಚ್ಚಾಗಿ ಹದಿನಾರರ ಪ್ರತಿಗಳನ್ನೇ. 1980ರ ದಶಕಕ್ಕೂ ಮುಂಚಿನ ಬಣ್ಣದ ಪ್ರತಿಗಳು ಬಹುತೇಕ ನೀಲಿ ಹಸಿರು ಕಳೆದುಕೊಂಡು ಕೆಂಪಾಗಿರುತ್ತವೆ. ಸಂಗ್ರಾಹಕರು ಮುಖ ಸಿಂಡರಿಸುವ ಆ ಕೆಂಪು ಕುಣಿತದ ಕೋಣೆಯಲ್ಲಿ ಸೊಗಸಾಗಿ ಕಾಣುತ್ತದೆ. ಟಿಕೆಟಿಟ್ಟು ನಡೆಸುವ ಕಾರ್ಯಕ್ರಮವಾದರೆ ಹಕ್ಕುಸ್ವಾಮ್ಯವನ್ನೂ ನೋಡಿಕೊಳ್ಳಬೇಕು. ಭಾರತದ ಕಾಯ್ದೆಯಲ್ಲಿ ಚಲನಚಿತ್ರದ ಹಕ್ಕು ಪ್ರಕಟಣೆಯ ಬಳಿಕ 60 ವರ್ಷ ಇರುತ್ತದೆ.

ಎಲ್ಲಕ್ಕಿಂತ ಖುಷಿ ಕೊಡುವ ದಾರಿ ಇನ್ನೊಂದಿದೆ: ಕ್ಯಾಮೆರಾ ಇಲ್ಲದೆ ಫಿಲ್ಮ್ ಮಾಡುವುದು. ಖಾಲಿ ಪಾರದರ್ಶಕ ಫಿಲ್ಮಿನ ಮೇಲೆ ಮಾರ್ಕರ್ ಶಾಯಿಯಿಂದ ಬರೆಯಬಹುದು, ಕಪ್ಪು ಫಿಲ್ಮಿನ ಲೇಪವನ್ನು ಸೂಜಿಯಿಂದ ಗೀರಬಹುದು. ಲೆನ್ ಲೈ 1935ರಲ್ಲಿ ‘ಎ ಕಲರ್ ಬಾಕ್ಸ್’ ಮಾಡಿದ್ದು ಹೀಗೆ ನೇರವಾಗಿ ಬಣ್ಣ ಬಳಿದು. ಕೆನಡಾದ ನಾರ್ಮನ್ ಮೆಕ್‌ಲಾರೆನ್ ಈ ಕಲೆಯನ್ನು ಬೆಳೆಸಿದ. ಸ್ಟ್ಯಾನ್ ಬ್ರ್ಯಾಕೇಜ್ 1963ರ ‘ಮಾತ್‌ಲೈಟ್’ಗಾಗಿ ಪತಂಗದ ರೆಕ್ಕೆ, ಎಲೆಗಳನ್ನೇ ಅಂಟುಪಟ್ಟಿಯ ನಡುವೆ ಹುದುಗಿಸಿದ. ಹದಿನಾರರಲ್ಲಿ ಒಂದು ಅಡಿಗೆ 40 ಚಿತ್ರಗಳು, ಸೂಪರ್ 8ರಲ್ಲಿ 72. ಕೈಗೆ ಹದಿನಾರೇ ಹಗುರ. ಬಣ್ಣ ಪೂರ್ತಿ ಒಣಗಿರಬೇಕು, ದಪ್ಪಗೆ ಕೂತಿರಬಾರದು. ಇಲ್ಲವಾದರೆ ಅದೆಲ್ಲ ಗೇಟಿನಲ್ಲಿ ಉಳಿಯುತ್ತದೆ.

50 ಅಡಿಯ ಸೂಪರ್ 8 ರೀಲು ಓಡುವುದು 3 ನಿಮಿಷ 20 ಸೆಕೆಂಡು ಮಾತ್ರ. ರಾತ್ರಿಯಿಡೀ ರೀಲು ಬದಲಿಸುತ್ತ ಕೂರುವವರಿಗೆ ಪಾರ್ಟಿ ಎಲ್ಲಿಂದ ಬಂತು? ಅದಕ್ಕೇ ಲೂಪು. ಫಿಲ್ಮಿನ ತುಂಡೊಂದರ ಎರಡೂ ತುದಿಗಳನ್ನು ಸ್ಪ್ಲೈಸರಿನಲ್ಲಿಟ್ಟು, ತೂತಿಗೆ ತೂತು ಹೊಂದಿಸಿ, ಸ್ಪ್ಲೈಸಿಂಗ್ ಟೇಪಿನಿಂದ ಬೆಸೆಯಬೇಕು. ಹದಿನಾರರಲ್ಲಿ ಸೆಕೆಂಡಿಗೆ 24 ಚಿತ್ರಗಳ ವೇಗದಲ್ಲಿ ಹತ್ತಡಿಯ ಲೂಪು ಸುಮಾರು 17 ಸೆಕೆಂಡಿಗೊಮ್ಮೆ ಮರಳುತ್ತದೆ. ಸೂಪರ್ 8ರಲ್ಲಿ ಮೂರಡಿಗೆ 12 ಸೆಕೆಂಡು. ಹೊರಗೆ ಜೋಲುವ ಭಾಗ ನೆಲದ ದೂಳು ಗುಡಿಸದ ಹಾಗೆ ಮೈಕ್ ಸ್ಟ್ಯಾಂಡಿಗೆ ಸಿಕ್ಕಿಸಿದ ಖಾಲಿ ಸ್ಪೂಲಿನ ಮೇಲೆ ಹಾಯಿಸಬೇಕು. ಫಿಲ್ಮನ್ನು ತಾನೇ ಒಳಗೆಳೆದುಕೊಳ್ಳುವ ಮುಚ್ಚಿದ ದಾರಿಯ ಯಂತ್ರಗಳು ಲೂಪಿಗೆ ಒಗ್ಗುವುದಿಲ್ಲ. ಪಕ್ಕದಿಂದ ತೂರಿಸಬಹುದಾದವೇ ಆಗಬೇಕು. ಎರಡೂ ಅಂಚಿನಲ್ಲಿ ತೂತುಗಳಿರುವ ಹದಿನಾರಾದರೆ ಬೆಸೆಯುವ ಮುನ್ನ ಒಂದು ಅರೆತಿರುವು ಕೊಟ್ಟು ನೋಡಬಹುದು. ಚಿತ್ರ ಒಂದು ಸುತ್ತು ಸರಿಯಾಗಿಯೂ ಮರುಸುತ್ತು ಎಡಬಲ ತಿರುಗಿಯೂ ಬರುತ್ತದೆ. ಒಂದೇ ಅಂಚಿನಲ್ಲಿ ತೂತುಳ್ಳ ಸೂಪರ್ 8ರಲ್ಲಿ ಈ ಆಟ ನಡೆಯದು, ಕೊಕ್ಕೆಗೆ ತೂತೇ ಸಿಗುವುದಿಲ್ಲ.

ಪರದೆಯಾಗಿ ಬಿಳಿ ಗೋಡೆ, ಮಡಿಕೆಯಿಲ್ಲದ ಪಂಚೆ, ಚಾವಣಿ ಯಾವುದಾದರೂ ನಡೆಯುತ್ತದೆ. ತೆಳುಬಟ್ಟೆಗೆ ಹಿಂದಿನಿಂದ ಬೆಳಕು ಬಿಟ್ಟರೆ ಕುಣಿಯುವವರ ನೆರಳು ಅಡ್ಡ ಬರದು. ಚಿತ್ರ ಎಡಬಲ ತಿರುಗುತ್ತದೆ, ಆದರೆ ಅಕ್ಷರಗಳಿಲ್ಲದಿದ್ದರೆ ಯಾರಿಗೂ ತಿಳಿಯುವುದೂ ಇಲ್ಲ. ಎರಡು ಯಂತ್ರಗಳಿದ್ದರೆ ಒಂದರ ಮೇಲೊಂದು ಚಿತ್ರ ಬೀಳಿಸಿ, ಒಂದಕ್ಕೆ ಬಣ್ಣದ ಹಾಳೆ ಅಡ್ಡವಿಟ್ಟು ನೋಡಬೇಕು. ಲೂಪುಗಳ ಉದ್ದ ಬೇರೆಬೇರೆಯಾಗಿದ್ದರೆ ಜೋಡಣೆ ಪ್ರತಿ ಸಲವೂ ಹೊಸದಾಗಿರುತ್ತದೆ. ಧ್ವನಿ ಬೇಕಿಲ್ಲ.

ಮುನ್ನೆಚ್ಚರಿಕೆಗಳನ್ನು ಮಾತ್ರ ಹಗುರವಾಗಿ ಎಣಿಸುವಂತಿಲ್ಲ. ಯಂತ್ರವನ್ನು ಜನರ ಕೈಗೆ ಎಟುಕದ ಗಟ್ಟಿ ಮೇಜಿನ ಮೇಲಿಟ್ಟು, ವೈರುಗಳನ್ನು ನೆಲಕ್ಕೆ ಟೇಪಿನಿಂದ ಅಂಟಿಸಬೇಕು. ಫ್ಯಾನಿನ ಕಿಂಡಿಗೆ ಏನೂ ಅಡ್ಡವಿರಬಾರದು. ಕೆಲವು ಸೂಪರ್ 8 ಯಂತ್ರಗಳಲ್ಲಿ ಸೆಕೆಂಡಿಗೆ 6 ಚಿತ್ರಗಳ ನಿಧಾನಗತಿ ಇದೆ. ಮೂರು ರೆಕ್ಕೆಯ ಶಟರಿನಲ್ಲಿ ಅದು 18 ಮಿಣುಕು. ಬೆಳಕಿನ ಮಿಣುಕಿಗೆ ಅಪಸ್ಮಾರ ಕೆರಳುವವರಿಗೆ ಸೆಕೆಂಡಿಗೆ 15ರಿಂದ 25ರ ಮಿಣುಕು ಬಹಳ ಅಪಾಯಕರ. ಆ ವೇಗ ಬಳಸುವುದಾದರೆ ಬಾಗಿಲಲ್ಲೇ ಎಚ್ಚರಿಕೆಯ ಬರಹ ಹಾಕಬೇಕು, ಬಳಸದಿದ್ದರೆ ಇನ್ನೂ ಒಳ್ಳೆಯದು. ಫಿಲ್ಮು ಗೇಟಿನಲ್ಲಿ ನಿಂತುಬಿಟ್ಟರೆ ಚಿತ್ರ ಕಂದಿ, ಗುಳ್ಳೆಯೆದ್ದು, ತೂತಾಗುತ್ತದೆ. ನೋಡುಗರು ಇದನ್ನೇ ಕಾರ್ಯಕ್ರಮದ ಭಾಗವೆಂದು ಚಪ್ಪಾಳೆ ತಟ್ಟುವುದುಂಟು. ನಡೆಸುವವರು ಕೂಡಲೇ ಬಲ್ಬು ಆರಿಸಬೇಕು, ಫ್ಯಾನನ್ನಲ್ಲ.

ಕಾರ್ಯಕ್ರಮ ಮುಗಿದ ಮೇಲೂ ಬಲ್ಬು ಆರಿಸಿ ಫ್ಯಾನನ್ನು ಐದು ನಿಮಿಷ ಓಡಲು ಬಿಡಬೇಕು. ಬಿಸಿ ಬಲ್ಬಿರುವಾಗ ಯಂತ್ರವನ್ನು ಎತ್ತಿ ಅಲುಗಾಡಿಸಿದರೆ ಅದರ ತಂತಿ ತುಂಡಾಗುತ್ತದೆ. ಗಂಟೆಗಟ್ಟಲೆ ಓಡಿದ ಲೂಪಿನ ತುಂಬ ಗೀರುಗಳಿರುತ್ತವೆ, ತೂತುಗಳು ಸವೆದಿರುತ್ತವೆ. ಅದನ್ನು ಮತ್ತೆ ರೀಲಿಗೆ ಸೇರಿಸದೆ ಎಸೆಯುವುದೇ ಸರಿ. ಇನ್ನು ಯಂತ್ರ ಕೊಳ್ಳಹೊರಟವರು ಬೆಲೆ ಕೇಳುವ ಮುಂಚೆ ಅದರ ಬಲ್ಬಿನ ಸಂಖ್ಯೆ ಬರೆದುಕೊಂಡು, ಆ ಬಲ್ಬು ಈಗಲೂ ಸಿಗುತ್ತದೆಯೇ ಎಂದು ವಿಚಾರಿಸಿಕೊಳ್ಳಲಿ. ಬಲ್ಬು ಸಿಗದ ಪ್ರೊಜೆಕ್ಟರು ಷೋಕೇಸಿಗಷ್ಟೇ ಯೋಗ್ಯ.