ಶಿಲಾಹಾರರ ಠಾಣೆಯಲ್ಲಿ ಕನ್ನಡದ ಗುರುತು

ಕಲ್ಯಾಣದಲ್ಲಿ ಹಳಿ ಕವಲೊಡೆಯುತ್ತದೆ. ಕರ್ಜತ್ ಕಡೆಯ ಲೋಕಲ್ ಹಿಡಿದರೆ ವಿಠ್ಠಲವಾಡಿ, ಉಲ್ಹಾಸನಗರ ದಾಟಿ ಅಂಬರನಾಥ. ನಿಲ್ದಾಣದ ಗದ್ದಲ ಬಿಟ್ಟು ವಾಲಧುನಿಯ ದಂಡೆಗೆ ಬಂದರೆ ಕಪ್ಪು ಕಲ್ಲಿನ ಶಿವಾಲಯ ಎದುರಾಗುತ್ತದೆ. ಶಿಖರದ ಮೇಲ್ಭಾಗ ಇಲ್ಲ. ಹೊರಗೋಡೆಯ ಮೂಲೆ ಮೂಲೆಯಲ್ಲೂ ದೇವತೆಗಳು, ನರ್ತಕಿಯರು, ಆನೆಯ ಸಾಲು. ಮಂಟಪದಿಂದ ಮೆಟ್ಟಿಲಿಳಿದು ಗರ್ಭಗುಡಿಗೆ ಹೋಗಬೇಕು. ಕೆಳಗೆ ಎಣ್ಣೆದೀಪದ ಜಿಡ್ಡು, ಬಿಲ್ವಪತ್ರೆಯ ಹಸಿ ವಾಸನೆ. ಶ್ರಾವಣ ಸೋಮವಾರ ಸಾಲು ಬೀದಿಯವರೆಗೂ ಬೆಳೆಯುತ್ತದೆ.

ಈ ಗುಡಿಯ ಬಾಗಿಲ ತೊಲೆಯ ಮೇಲೆ ಶಕ 982ರ, ಅಂದರೆ 1060ರ ಶಾಸನವಿದೆ. ಅದರಲ್ಲಿರುವ ಹೆಸರು ಉತ್ತರ ಕೊಂಕಣದ ಶಿಲಾಹಾರ ದೊರೆ ಮುಮ್ಮುಣಿಯದು. ಇಂದಿನ ಠಾಣೆ ಆಗ ಅವರ ಸ್ಥಾನಕ.

ಶಿಲಾಹಾರರು ಈ ಕರಾವಳಿಯಲ್ಲಿ ನೆಲೆ ನಿಂತದ್ದು ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರಾಗಿ. ತಗರ, ಅಂದರೆ ಇಂದಿನ ತೇರ್, ತಮ್ಮ ಮೂಲವೆಂದು ಹೇಳಿಕೊಂಡವರು. ಆ ಮಾನ್ಯಖೇಟದಲ್ಲಿ, ಅಂದರೆ ಕಲಬುರಗಿ ಸೀಮೆಯ ಮಳಖೇಡದಲ್ಲಿ, ರಾಷ್ಟ್ರಕೂಟ ದೊರೆ ನೃಪತುಂಗ ಅಮೋಘವರ್ಷ ಆಳುತ್ತಿದ್ದಾಗ, ಇಲ್ಲಿನ ಕಾಡಿನೊಳಗಣ ಕಾನ್ಹೇರಿ ಗುಹೆಗಳಲ್ಲಿ ಅವನ ಹೆಸರಿನ ಜೊತೆ ಶಿಲಾಹಾರ ಪುಲ್ಲಶಕ್ತಿ, ಕಪರ್ದಿಯರ ಹೆಸರುಗಳನ್ನೂ ಕೊರೆದರು. ‘ಕವಿರಾಜಮಾರ್ಗ’ ಹುಟ್ಟಿದ ಆಸ್ಥಾನದ ನೆರಳು ಈ ಬಂಡೆಗಳವರೆಗೂ ಚಾಚಿತ್ತು.

1787ರಲ್ಲಿ ಠಾಣೆಯ ಕೋಟೆಯಲ್ಲಿ ಅಗೆಯುವಾಗ ಶಿಲಾಹಾರ ದೊರೆ ಅರಿಕೇಸರಿಯ ತಾಮ್ರಶಾಸನ ಸಿಕ್ಕಿತು. ಬರೆದದ್ದು 1017ರಲ್ಲಿ. ಭಿವಂಡಿ ಕಡೆಯ ಭಾದಾನ ಗ್ರಾಮವನ್ನು ದಾನ ಕೊಟ್ಟ ಇನ್ನೊಬ್ಬ ಶಿಲಾಹಾರ ದೊರೆ ಅಪರಾಜಿತನ 997ರ ಶಾಸನ ಇನ್ನೂ ಮನಮುಟ್ಟುವಂಥದ್ದು. 973ರಲ್ಲಿ ಚಾಲುಕ್ಯ ತೈಲಪನಿಂದ ರಾಷ್ಟ್ರಕೂಟರ ಸಿಂಹಾಸನ ಉರುಳಿಹೋಗಿತ್ತು. ಹೊಗಳಿದರೆ ಏನೂ ದಕ್ಕದ ಆ ಹೊತ್ತಿನಲ್ಲೂ ಅಪರಾಜಿತ ಅಳಿದ ಒಡೆಯರ ವಂಶಾವಳಿಯನ್ನು ಮೊದಲು ಬರೆಸಿದ. ಅವರ ಪತನಕ್ಕೆ ಮರುಗಿದ.

ಶಿಲಾಹಾರರ ದಾನಪತ್ರಗಳ ಭಾಷೆ ಸಂಸ್ಕೃತ. ಆದರೆ ಸಂಸ್ಕೃತದ ಉದ್ದುದ್ದ ಸಮಾಸಗಳ ನಡುವೆ ‘ಮಲಗಲಗಂಡ’ದಂಥ ಕನ್ನಡ ಬಿರುದು ತಟ್ಟನೆ ತಲೆಯೆತ್ತುತ್ತದೆ. ನಮ್ಮ ವೀರಗಲ್ಲುಗಳನ್ನು ಓದಿದವರಿಗೆ ಆ ‘ಗಂಡ’ನ ಪರಿಚಯ ಹೇಳಬೇಕಾಗಿಲ್ಲ.

ಈ ಕನ್ನಡದ ಗುರುತನ್ನು ನೆಲದ ಮೇಲಿನ ಹಕ್ಕೆಂದು ಓದುವುದು ತಪ್ಪು. ಅಲಿಬಾಗ್ ಬಳಿಯ ಆಕ್ಷಿಯಲ್ಲಿ ಸಿಕ್ಕ, ಮರಾಠಿಯ ಅತಿ ಹಳೆಯ ಶಾಸನಗಳಲ್ಲಿ ಒಂದೆಂದು ಎಣಿಸುವ ಕಲ್ಲೂ ಶಿಲಾಹಾರರದೇ. ಅತ್ತ ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ ಚಾವುಂಡರಾಯನನ್ನು ನೆನೆಯುವ ಮರಾಠಿ ಸಾಲು ಇದೆ. ಕನ್ನಡದ ಬಿರುದು ಠಾಣೆಯಲ್ಲಿ, ಮರಾಠಿಯ ಸಾಲು ಬೆಳಗೊಳದಲ್ಲಿ: ಎರಡು ನುಡಿಗಳೂ ಒಂದರ ಅಂಗಳದಲ್ಲಿ ಇನ್ನೊಂದು ಬೆಳೆದಿವೆ.

ಡೊಂಬಿವಲಿಯಲ್ಲಿ ಇಂದು ಕರ್ನಾಟಕ ಸಂಘವಿದೆ, ಅದು ಕಟ್ಟಿದ ಮಂಜುನಾಥ ವಿದ್ಯಾಲಯವಿದೆ. ಹೊಟ್ಟೆಪಾಡಿಗೆ ರೈಲು ಹತ್ತಿ ಬಂದವರ ಮಕ್ಕಳು, ಮೊಮ್ಮಕ್ಕಳು ಇಲ್ಲಿನವರೇ ಆಗಿದ್ದಾರೆ. ಅವರನ್ನು ಒಂದು ಭಾನುವಾರ ಅಂಬರನಾಥಕ್ಕೆ ಕರೆದೊಯ್ದು ಈ ಶಾಸನಗಳ ಕಥೆ ಹೇಳಬೇಕು, ಪಕ್ಕದ ಮನೆಯ ಮರಾಠಿ ಮಕ್ಕಳನ್ನೂ ಜೊತೆಗೆ ಕೂರಿಸಿಕೊಂಡು. ಎರಡೂ ಮನೆಯ ಮಕ್ಕಳಿಗೆ ಸೇರಿದ ಚರಿತ್ರೆ ಇದು.