ರೇಟು ಬಿದ್ದ ಸುದ್ದಿ

ಆಸ್ಪತ್ರೆಯ ನೆಲಮಾಳಿಗೆಯ ಹಜಾರದಲ್ಲಿ ಬೆಳಿಗ್ಗೆ ಎಂಟಕ್ಕೇ ಏಳೆಂಟು ಗಂಡಸರು ನೀರಿನ ಬಾಟಲಿ ಹಿಡಿದು ಕೂತಿರುತ್ತಿದ್ದೆವು. ಹೊಸಬರು ನೋಡಿದರೆ ಬಸ್ಸು ಕಾಯುವವರು ಅಂದುಕೊಳ್ಳಬೇಕು. ಒಬ್ಬ ಕಾಲ ಮೇಲೆ ಕಾಲು ಬಿಗಿದು ಕೂತಿದ್ದಾನೆ, ಇನ್ನೊಬ್ಬ ಗೋಡೆಗುಂಟ ಶತಪಥ ಹಾಕುತ್ತಾನೆ, ಮತ್ತೊಬ್ಬ ಕಣ್ಣು ಮುಚ್ಚಿ ತುಟಿಯಲ್ಲೇ ಏನೋ ಜಪಿಸುತ್ತಾನೆ. ಎಲ್ಲರ ಕಷ್ಟವೂ ಒಂದೇ. ಉಚ್ಚೆ ತಡೆದುಕೊಂಡಿರುವುದು.

ಪ್ರಾಸ್ಟೇಟ್ ಕ್ಯಾನ್ಸರಿಗೆ ರೇಡಿಯೇಷನ್ ಕೊಡುವಾಗ ಮೂತ್ರಕೋಶ ತುಂಬಿರಬೇಕು, ಗುದನಾಳ ಖಾಲಿಯಿರಬೇಕು. ತುಂಬಿದ ಮೂತ್ರಕೋಶ ಕರುಳನ್ನು ಮೇಲಕ್ಕೆ ತಳ್ಳಿ ಕಿರಣದ ದಾರಿಯಿಂದ ತಪ್ಪಿಸುತ್ತದೆ. ಅದಕ್ಕೇ ಒಂದು ಸಲ ಹೋಗಿ ಬಂದು, ಅರ್ಧ ಲೀಟರ್ ನೀರು ಕುಡಿದು, ಮುಕ್ಕಾಲು ಗಂಟೆ ಕಾಯಬೇಕು. ವಾರಕ್ಕೆ ಐದು ದಿನ, ನನಗೆ ಒಟ್ಟು 20 ಸಲ. ತಡೆದುಕೊಳ್ಳಲು ಆಗುವುದಿಲ್ಲ ಎಂದೇ ಡಾಕ್ಟರ ಬಳಿ ಬಂದವನಿಗೆ ತಡೆದುಕೊಳ್ಳುವುದೇ ಚಿಕಿತ್ಸೆ! ಒಂದು ದಿನ ಇನ್ನೇನು ನನ್ನ ಸರದಿ ಅನ್ನುವಾಗ ಯಂತ್ರ ಕೈಕೊಟ್ಟಿತು. ಶೌಚಾಲಯದ ಬಾಗಿಲಲ್ಲಿ ಎಂಟೂ ಜನ ಒಟ್ಟಿಗೆ ಸಿಕ್ಕೆವು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಪಂಚೆ ಎತ್ತಿ ಹಿಡಿದು, "ಮಾಸ್ತರ, ನೀವು ಹಿರೇರು, ಮುಂದ ಹೋಗ್ರಿ" ಅಂದರು. ಅಂಥ ತ್ಯಾಗವನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಾನು ಸಾಗರದ ಕಡೆಯವನು. ಎರಡು ಎಕರೆ ಅಡಿಕೆ ತೋಟ, ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ, ವಿಜ್ಞಾನದ ಪಾಠ. ಮೂತ್ರಪಿಂಡದ ಚಿತ್ರವನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆದರೆ ಮೂತ್ರಕೋಶದ ಬುಡದಲ್ಲಿ, ಹಣ್ಣಡಿಕೆಯ ಗಾತ್ರದಲ್ಲಿ, ಮೂತ್ರನಾಳವನ್ನು ಸುತ್ತಿಕೊಂಡು ಕೂತಿರುವ ಆ ಗ್ರಂಥಿಯ ಹೆಸರನ್ನು ತರಗತಿಯಲ್ಲಿ ಒಮ್ಮೆಯೂ ಹೇಳಲಿಲ್ಲ. ಆ ಪುಟ ಬಂದಾಗ "ಮನೇಲಿ ಓದ್ಕೊಳ್ಳಿ" ಅಂದು ದಾಟಿಬಿಡುತ್ತಿದ್ದೆ.

ರಾತ್ರಿ ನಾಲ್ಕೈದು ಸಲ ಏಳುವುದು ಶುರುವಾದಾಗಲೂ ಅದೇ ಬುದ್ಧಿ. ಪೇಟೆಯ ವೈದ್ಯರೊಬ್ಬರು "ವಯಸ್ಸಾದ ಮೇಲೆ ಎಲ್ಲರಿಗೂ ಇದ್ದದ್ದೇ" ಎಂದು ಎರಡು ವರ್ಷ ಮಾತ್ರೆ ಕೊಟ್ಟರು, ರಕ್ತ ಪರೀಕ್ಷೆ ಬರೆಯಲಿಲ್ಲ. ಅವರನ್ನೇ ಬೈದರೆ ನ್ಯಾಯವಾಗದು. ಮೊದಲನೇ ದಿನವೇ ಅವರು ಗ್ಲೌಸ್ ಹಾಕಿಕೊಂಡು ಬೆರಳಿಟ್ಟು ನೋಡಬೇಕು ಅಂದಾಗ, ಬೇಡ ಎಂದು ಪಂಚೆ ಬಿಗಿ ಮಾಡಿಕೊಂಡು ಎದ್ದು ಬಂದವನು ನಾನು. ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದಾಗ, ಸಾಮಾನ್ಯವಾಗಿ 4ರ ಒಳಗಿದ್ದರೆ ಚಿಂತೆಯಿಲ್ಲ ಅನ್ನುವ ಪಿಎಸ್‌ಎ ಎಂಬ ಅಂಶ ನನ್ನದು 23 ಇತ್ತು. ಗ್ರಂಥಿಗೆ ಸೂಜಿ ಹಾಕಿ ದಾರದ ಎಳೆಯಂಥ 12 ಚೂರು ತೆಗೆದರು. ಗ್ಲೀಸನ್ ಅಂಕ 4+3 ಎಂದು ಬಂತು. ಗಣಿತದ ಮೇಷ್ಟ್ರಿಗೆ 4+3 ಆದರೇನು, 3+4 ಆದರೇನು, ಎರಡೂ ಏಳೇ. ಈ ಶಾಸ್ತ್ರದಲ್ಲಿ ಹಾಗಲ್ಲವಂತೆ. ಮೊದಲು ಬರೆದ ಅಂಕಿಯ ಜಾತಿಯ ಕೋಶಗಳೇ ಹೆಚ್ಚು, ಹಾಗಾಗಿ 4 ಮುಂದೆ ಬಂದರೆ ರೋಗ ಒಂದು ಕೈ ಜೋರು.

ಚಿಕಿತ್ಸೆಗೆಂದು ಉಳಿದುಕೊಂಡಿದ್ದ ತಮ್ಮನ ಮನೆ ಜಯನಗರದಲ್ಲಿ. ಜನವರಿ ತಿಂಗಳು. ಬೀದಿಯಲ್ಲೆಲ್ಲ ಅವರೆಕಾಯಿ ಗುಡ್ಡೆ, ಮನೆಯೊಳಗೆ ಹಿತಕಿದ ಬೇಳೆ ಸಾರಿನ ಘಮ. ನನಗೆ ಮಾತ್ರ ತಿಳಿಸಾರು, ಅನ್ನ. ಕಾಳು ತಿಂದರೆ ಹೊಟ್ಟೆಯಲ್ಲಿ ವಾಯು, ವಾಯು ಆದರೆ ಗುದನಾಳ ಉಬ್ಬಿ ಪ್ರಾಸ್ಟೇಟ್ ಜಾಗ ಬಿಟ್ಟು ಸರಿಯುತ್ತದೆ, ಗುರಿ ತಪ್ಪುತ್ತದೆ. ಒಂದು ಭಾನುವಾರ ಆಸೆ ತಡೆಯದೆ ನಾಲ್ಕು ಚಮಚ ಸುರಿದುಕೊಂಡೆ. ಸೋಮವಾರ ಸ್ಕ್ಯಾನ್ ನೋಡಿದ ಹುಡುಗಿ, "ಅಂಕಲ್, ಅವರೆಕಾಳಾ?" ಅಂದಳು.

ಹಾರ್ಮೋನ್ ಇಂಜೆಕ್ಷನ್ನಿನದು ಬೇರೆಯೇ ಕಥೆ. ಈ ಕ್ಯಾನ್ಸರಿಗೆ ಗಂಡು ಹಾರ್ಮೋನೇ ಗೊಬ್ಬರ. ಅದನ್ನು ನಿಲ್ಲಿಸಿದರೆ ರೋಗ ಸೊರಗುತ್ತದೆ ಎಂದು ಚಾರ್ಲ್ಸ್ ಹಗಿನ್ಸ್ 1941ರಲ್ಲಿ ತೋರಿಸಿದರು, 1966ರಲ್ಲಿ ನೊಬೆಲ್ ಪಡೆದರು. ಮೂರು ತಿಂಗಳಿಗೊಮ್ಮೆ ನನಗೆ ಸೂಜಿ. ಕೋಲಾರದ ಕಡೆಯ ರೈತರೊಬ್ಬರು ಸೂಜಿಯ ಖರ್ಚೇ ಬೇಡವೆಂದು ವೃಷಣಗಳನ್ನೇ ತೆಗೆಸಿಕೊಂಡಿದ್ದರು. "ಹೋರಿಗೆ ಬೀಜ ಒಡ್ಸಿದ್ ಹಂಗೆ ಸಾರ್. ಎಷ್ಟು ಹೋರಿಗೆ ನಾನೇ ಕಾಲು ಹಿಡ್ಕೊಂಡಿದೀನಿ" ಅಂದು ನಗಲು ಹೋದರು. ಯಾರೂ ನಗಲಿಲ್ಲ. ಬ್ಯಾಡಗಿಯವರು ತಮ್ಮ ಬಾಟಲಿ ಅವರ ಕಡೆ ಚಾಚಿದರು.

ಸೂಜಿ ಚುಚ್ಚಿದ ಮೂರನೇ ವಾರದಿಂದ ಮೈಗೆ ಬೆಂಕಿ ಹತ್ತಿದ ಹಾಗೆ ಝಳ. ನಡುರಾತ್ರಿ, ಜನವರಿ ಚಳಿಯಲ್ಲಿ, ನಾನು ಬನಿಯನ್ ಕಿತ್ತು ಫ್ಯಾನಿನ ಅಡಿ ನಿಂತಿದ್ದೆ. ಹೆಂಡತಿ ಕಂಬಳಿಯೊಳಗಿಂದ ಮುಖ ಹೊರಗೆ ಹಾಕಿದಳು.

"ಝಳವಾ?"

"ಹೂಂ."

"ನನಗೆ ಮುಟ್ಟು ನಿಲ್ಲುವಾಗ ಹೀಗೇ ಆಗ್ತಿತ್ತು. ನೀವೇನಂದಿದ್ರಿ, ನೆನಪಿದ್ಯಾ?"

ನೆನಪಿತ್ತು. 'ಎಲ್ಲ ನಿನ್ನ ಭ್ರಮೆ' ಅಂದಿದ್ದೆ. ಅವಳು ಮತ್ತೇನೂ ಹೇಳಲಿಲ್ಲ. ಎದ್ದು ಹೋಗಿ, ಒದ್ದೆ ಟವೆಲ್ ಹಿಂಡಿ ತಂದು ಕುತ್ತಿಗೆಯ ಮೇಲೆ ಹಾಕಿದಳು. ಆ ತಂಪು ಬೆನ್ನಿಗಿಳಿಯುವವರೆಗೂ ನಾನು ತಿರುಗಿ ಅವಳ ಮುಖ ನೋಡಲಿಲ್ಲ.

ನೆಲಮಾಳಿಗೆಯಲ್ಲಿ ನಮ್ಮದೇ ಒಂದು ಭಾಷೆ ಹುಟ್ಟಿತ್ತು. ಪಿಎಸ್‌ಎ ಅನ್ನುವ ಬದಲು ರೇಟು. "ನಂದು 68 ಇತ್ರಿ ಮಾಸ್ತರ, ಸೂಜಿ ಕೊಟ್ಟ ಮ್ಯಾಲೆ 11ಕ್ಕ ಇಳದೈತಿ" ಎಂದು ಬ್ಯಾಡಗಿಯವರು ಹೇಳುವಾಗ ಅವರ ಮುಖದಲ್ಲಿ ಇಬ್ಬರು ಮನುಷ್ಯರು ಕಾಣುತ್ತಿದ್ದರು. ಜನ್ಮವೆಲ್ಲ ರೇಟು ಬಿದ್ದರೆ ತಲೆ ಮೇಲೆ ಕೈ ಹೊತ್ತು ಕೂತವರು ನಾವು. ಅವರಿಗೆ ಮೆಣಸಿನಕಾಯಿ, ನನಗೆ ರಾಶಿ ಅಡಿಕೆ. ಕೋಲಾರದವರಿಗಂತೂ ಟೊಮೆಟೊ, ಕೇಳುವುದೇ ಬೇಡ.

ಊರಿಗೆ ಬಂದು ಮೂರು ತಿಂಗಳಾದ ಮೇಲೆ ರಕ್ತ ಕೊಟ್ಟೆ. ಫಲಿತಾಂಶ ಬಂದ ದಿನ ಗುರುವಾರ, ಬ್ಯಾಡಗಿಯಲ್ಲಿ ಮಾರುಕಟ್ಟೆ ದಿನ. ಫೋನ್ ಎತ್ತಿದವರ ಹಿಂದೆ ಗದ್ದಲ, ನಡುನಡುವೆ ಯಾರೋ ಸೀನುತ್ತಿದ್ದರು.

"ಎಷ್ಟ್ ಬಂತ್ರಿ ಮಾಸ್ತರ?"

"0.09."

"ಬಿತ್ತಲ್ರೀ!" ಎಂದು ಕೂಗಿದರು. ಅತ್ತ ಗದ್ದಲ ಗಕ್ಕನೆ ನಿಂತಿತು. ಯಾವುದೋ ಗಾಬರಿಯ ದನಿ ಕೇಳುತ್ತಿತ್ತು: "ಏನ್ರೀ ಸಾವ್ಕಾರ್ರ, ಯಾವುದರ ರೇಟು?"